ಅಮ್ಮನ ಎಡೆಗೆ ಬಿಸ್ಕತ್ತು

ಅಮ್ಮ ತೀರಿಕೊಂಡ ಮೂರನೆಯ ದಿನ, ಚಿಕ್ಕಜಾಜೂರಿನಲ್ಲಿ ಅವಳ ಸಮಾಧಿಯ ಮೇಲೆ ಎಡೆ ಇಟ್ಟು ಕಾದು ನಿಂತಿದ್ದೆವು. ಹೋಳಿಗೆ, ಕಡುಬು ಎಲ್ಲ ಇದ್ದರೂ ಕಾಗೆಗಳು ಬೇವಿನ ಮರ ಬಿಟ್ಟು ಬರಲಿಲ್ಲ. ಹೊತ್ತು ಇಳಿಯುತ್ತಿತ್ತು. ಅಮ್ಮ ಯಾವ ಆಸೆ ಇಟ್ಟುಕೊಂಡು ಹೋದಳೋ ಎಂದು ನನಗೆ ಭಯವಾಯಿತು.

“ಅಣ್ಣಾ, ಬಿಸ್ಕತ್ತು! ನಾವು ತಿಂದಾದ್ಮೇಲೆ ಅಮ್ಮ ಡಬ್ಬಿ ತಳದ ಪುಡಿ ಮಾತ್ರ ತಿಂತಿದ್ಲು,” ಎಂದು ತಂಗಿ ಮನೆಗೆ ಓಡಿದಳು.

ಅಪ್ಪ ಬೆಂಗಳೂರಿನಿಂದ ತಂದಿದ್ದ ಕಾರ್ನ್‌ಫ್ಲೇಕ್ಸ್ ಪುಡಿ ಮಾಡಿ, ಬೆಣ್ಣೆ, ಸಕ್ಕರೆ, ಮೈದಾ ಕಲಸಿ, ಅಮ್ಮನಂತೆಯೇ ಬಿಸಿ ಮರಳಿನ ಬಾಣಲೆಯಲ್ಲಿ ತಟ್ಟೆ ಇಟ್ಟು ಬೇಯಿಸಿ ತಂದಳು. ಎಡೆಗಿಟ್ಟು ಹಿಂದೆ ಸರಿದೆವು. ಒಂದು ಕಾಗೆ ಇಳಿದು ಬಿಸ್ಕತ್ತು ಕಚ್ಚಿಕೊಂಡು ಹಾರಿತು.

“ನಮ್ ಹೋಳಿಗೆ ಬ್ಯಾಡಾಯ್ತೇನವ್ವ ನಿಂಗೆ!” ಎಂದು ಸೋದರತ್ತೆ ಅಳುತ್ತಲೇ ನಕ್ಕರು.

ಅಂದಿನಿಂದ ನಮ್ಮ ಮನೆಯಲ್ಲಿ ಬಿಸ್ಕತ್ತು ಬೇಯಿಸಿದವರೇ ಮೊದಲನೆಯದನ್ನು ತಿನ್ನಬೇಕು. ಉಳಿದವರು ಕಾಯುತ್ತೇವೆ.