ಗೋಡೆ ಪಕ್ಕದ ಮಂಚ

ತಪ್ಪೊಪ್ಪಿಕೊಳ್ಳುವುದು ಆಕೆಯ ಜಾಯಮಾನದಲ್ಲೇ ಇರಲಿಲ್ಲ. ಮನೆಯಲ್ಲಿ ಅವಳಿಗೆ ಹೈಕೋರ್ಟು ಎಂದೇ ಹೆಸರು. "ಆ ಕೋರ್ಟಿನ ಮೇಲಾದರೂ ಇನ್ನೊಂದಿದೆ, ಇವಳ ಮೇಲೆ ಯಾರಿದ್ದಾರೆ?" ಎನ್ನುತ್ತಿದ್ದ ಅಣ್ಣ, ಅವನಿಗೆ ಮಾತು ಬರುತ್ತಿದ್ದ ಕಾಲದಲ್ಲಿ.

ಪೀಠೋಪಕರಣದ ಅಂಗಡಿಯೊಂದರ ವೆಬ್‌ಸೈಟಿಗೆ ಮಂಚ, ಮೇಜುಗಳ ಮೂರು ಆಯಾಮದ ಚಿತ್ರ ಮಾಡುವುದು ಅವಳ ಕೆಲಸ. ಗಿರಾಕಿ ಗುಂಡಿ ಒತ್ತಿದರೆ ಫೋನಿನ ಕ್ಯಾಮೆರಾ ತೆರೆದು, ಅವರ ಕೋಣೆಯಲ್ಲೇ ಮಂಚ ಬಂದು ನಿಂತಂತೆ ಕಾಣಬೇಕು. ಹೊಸ ಫೋನುಗಳಲ್ಲಿ ನಿಲ್ಲುತ್ತಿತ್ತು. ಕೆಲವುಗಳಲ್ಲಿ ನೆಲದಿಂದ ಗೇಣು ಮೇಲೆ ತೇಲುತ್ತಿತ್ತು. ಕೆಲವುಗಳಲ್ಲಿ ಗುಂಡಿಯೇ ಮೂಡುತ್ತಿರಲಿಲ್ಲ. ತಲೆಗೆ ಕಟ್ಟಿಕೊಂಡು ಇಡೀ ಅಂಗಡಿ ಸುತ್ತಿಬರಲೆಂದು ಮಾಲೀಕರು ತರಿಸಿದ್ದ ಕನ್ನಡಕವಂತೂ ಇಬ್ಬರಿಗೆ ತಲೆಸುತ್ತು ಬರಿಸಿ ಬೀರು ಸೇರಿತ್ತು. ಯಾರು ದೂರಿದರೂ ಅವಳ ತೀರ್ಪು ಒಂದೇ: "ನಿಮ್ಮ ಫೋನ್ ಸರಿಯಿಲ್ಲ."

ಅಣ್ಣನಿಗೆ ಲಕ್ವ ಹೊಡೆದು ಐದು ತಿಂಗಳಾಗಿತ್ತು. ನೆಲದ ಹಾಸಿಗೆಯಿಂದ ಅವನನ್ನೆತ್ತಿ ಗಾಲಿಕುರ್ಚಿಗೆ ಕೂರಿಸುವಷ್ಟರಲ್ಲಿ ಅತ್ತಿಗೆಯ ಸೊಂಟ ಬಿದ್ದುಹೋಗುತ್ತಿತ್ತು. ಏರಿಸಿ ಇಳಿಸುವ ಮಂಚವೊಂದೇ ದಾರಿ. ಅತ್ತಿಗೆ ಅದೇ ಅಂಗಡಿಯ ವೆಬ್‌ಸೈಟಿನಲ್ಲಿ ಗುಂಡಿ ಒತ್ತಿ, ಫೋನ್ ಹಿಡಿದು ನೋಡಿದಳು. ಮಂಚ ಗೋಡೆಗೆ ಒತ್ತಿಕೊಂಡು ಲಕ್ಷಣವಾಗಿ ಕೂತಿತ್ತು, ಪಕ್ಕದಲ್ಲಿ ಗಾಲಿಕುರ್ಚಿಗೆ ಧಾರಾಳ ಜಾಗ. ತರಿಸಿದಳು.

ಮಂಚ ಜೋಡಿಸಿ ಅಣ್ಣನನ್ನು ಮಲಗಿಸಿದ ಮೇಲೆ, ಪಕ್ಕದಲ್ಲಿ ಜಾಗವೇ ಉಳಿಯದೆ, ಗಾಲಿಕುರ್ಚಿ ಒಳಗೆ ಬರಲಾಗದೆ ಬಾಗಿಲಲ್ಲೇ ನಿಂತಿತು. ಜೋಡಿಸಿದ್ದನ್ನು ಅಂಗಡಿ ವಾಪಸು ಪಡೆಯುವುದಿಲ್ಲ.

"ನೀನೇ ಮಾಡಿದ ಚಿತ್ರ ಅಲ್ವೇನೇ? ಮನೆಯವಳೇ ಮಾಡಿದ್ದು ಅಂತ ಕಣ್ಣುಮುಚ್ಚಿ ನಂಬಿದೆ," ಎಂದಳು ಅತ್ತಿಗೆ.

"ಚಿತ್ರ ಸರಿಯಾಗೇ ಇದೆ ಅತ್ತಿಗೆ. ನಿಮ್ಮ ಫೋನ್ ಹಳೇದು."

"ಹೌದಮ್ಮ. ಫೋನ್ ಹಳೇದು, ಮನೆ ಹಳೇದು, ಗಂಡನೂ ಹಳಬ. ಎಲ್ಲಾ ಬದಲಾಯಿಸ್ಲಾ?"

ಅಣ್ಣ ಮಲಗಿದಲ್ಲಿಂದಲೇ ಇಬ್ಬರನ್ನೂ ನೋಡುತ್ತಿದ್ದ. ಕುರ್ಚಿ ಬಾರದೆ ಇನ್ನು ಅವನು ಹಜಾರದವರೆಗೂ ಹೋಗುವಂತಿರಲಿಲ್ಲ. ಬೆಳಕು ಅವನ ಕಣ್ಣಿಗೆ ಆಗದೆಂದು ಪರದೆ ಸದಾ ಎಳೆದೇ ಇರುತ್ತಿತ್ತು. ಅಂಥ ಮಬ್ಬಿನಲ್ಲಿ, ನುಣುಪು ನೆಲದಲ್ಲಿ, ಫೋನಿಗೆ ನೆಲ ಎಲ್ಲಿದೆಯೆಂದೇ ತಿಳಿಯದು. ಅಂದಾಜಿನ ಮೇಲೆ ಮಂಚವನ್ನು ಕಿರಿದು ಮಾಡಿ ತೋರಿಸುತ್ತದೆ. ಇದು ಚಿತ್ರ ಮಾಡಿದ ಅವಳಿಗೆ ಗೊತ್ತಿತ್ತು. ಕಚೇರಿಯ ಝಗಮಗ ದೀಪದ ಕೆಳಗೆ ಎರಡು ಹೊಸ ಫೋನುಗಳಲ್ಲಿ ನೋಡಿ ಕೈತೊಳೆದುಕೊಂಡಿದ್ದಳು.

ಅವಳು ಎದ್ದುಹೋದಳು. ಹಿಂದೆಯೇ ಅತ್ತಿಗೆ ಬಾಗಿಲು ಹಾಕಿಕೊಂಡಳು.

ಮರುದಿನ ಮಧ್ಯಾಹ್ನ, ಮಾಲೀಕರನ್ನು ಒಂದು ಮಾತೂ ಕೇಳದೆ, ಆ ಗುಂಡಿಯ ಮೇಲ್ಗಡೆ ದಪ್ಪಕ್ಷರದಲ್ಲಿ ಬರೆದಳು: "ಮಬ್ಬು ಕೋಣೆಯಲ್ಲಿ ಈ ಚಿತ್ರದ ಅಳತೆ ತಪ್ಪುತ್ತದೆ. ಟೇಪು ಹಿಡಿದು ಅಳೆದ ಮೇಲೆಯೇ ಕೊಳ್ಳಿ." ಕೆಳಗೆ ಚಿತ್ರ ಮಾಡಿದವಳೆಂದು ತನ್ನ ಹೆಸರು, ಫೋನ್ ನಂಬರು ಸೇರಿಸಿದಳು.