ಕುಂಯ್ ಎನ್ನದ ಕಂಪ್ಯೂಟರು

ನಮ್ಮ ಭಾವನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಇದು ಬೀದಿಗೆಲ್ಲ ಗೊತ್ತು, ಅವರೊಬ್ಬರನ್ನು ಬಿಟ್ಟು. ಟೈಪಿಂಗ್ ಕ್ಲಾಸು ನಡೆಸುತ್ತ, ಆ ಟಕಟಕದ ನಡುವೆ ಕೂತು ಕೂತು ವರ್ಷದಿಂದ ವರ್ಷಕ್ಕೆ ಮಂದವಾಗಿದೆ. ಅವರನ್ನು ಕೇಳಿದರೆ, ಈಗಿನವರು ಬಾಯಿ ಬಿಟ್ಟು ಮಾತಾಡುವುದಿಲ್ಲ ಎನ್ನುತ್ತಾರೆ.

ಕ್ಲಾಸು ಮುಚ್ಚಿದಾಗ ಮನೆಗೆ ಬಂದ ಆಸ್ತಿ ಒಂದೇ: ಟಿವಿಗೆ ಸಿಕ್ಕಿಸುವ, ಕೀಲಿಮಣೆಯೊಳಗೇ ಎಲ್ಲವನ್ನೂ ತುಂಬಿಕೊಂಡಿರುವ ಓಬೀರಾಯನ ಕಾಲದ ಕಂಪ್ಯೂಟರು. ಸ್ವಿಚ್ಚು ಹಾಕಿದ ಕೂಡಲೇ ಕುಂಯ್ ಎಂದರೆ ಅದರ ಹೊಟ್ಟೆಯೊಳಗೆಲ್ಲ ಸರಿಯಿದೆ, ಅನ್ನದಿದ್ದರೆ ಸತ್ತಿದೆ. ಇದು ಭಾವ ನಮ್ಮೆಲ್ಲರ ತಲೆ ತಿಂದು ಕಲಿಸಿದ ಪಾಠ.

ಹಳೇ ಟಿವಿ ಕೆಟ್ಟು ಸೆಕೆಂಡ್‌ಹ್ಯಾಂಡ್ ಟಿವಿ ಬಂದ ದಿನದಿಂದ ಪರದೆಯ ತುಂಬ ಬರೀ ಚುಕ್ಕಿ. ಕುಂಯ್ ಕೂಡ ಇಲ್ಲ, ಸತ್ತಿತು ಎಂದರು ಭಾವ. ಕುಂಯ್ ಅಂತಿದೆ, ಚಿತ್ರ ಬೇರೆ ಚಾನೆಲ್‌ನಲ್ಲಿ ಬರುತ್ತಿರಬಹುದು, ಟಿವಿಯ ಚಾನೆಲ್ ತಿರುಗಿಸಿ ನೋಡಿ ಎಂದು ಅಕ್ಕ ಹೇಳಿದಳಂತೆ. ಗೊತ್ತಿಲ್ಲದ್ದಕ್ಕೆ ಬಾಯಿ ಹಾಕಬೇಡ ಎಂದು ಗದರಿದರು. ಹಳೇ ಟಿವಿಯಲ್ಲಿ ಮೂರಕ್ಕಿತ್ತು, ಇದರಲ್ಲೂ ಮೂರಕ್ಕೇ ಇರಲಿ ಎಂದು ಚಾನೆಲ್ ಗುಂಡಿಗೆ ಅಂಟುಪಟ್ಟಿ ಹಚ್ಚಿದವರು ಅವರೇ. ತಾವು ಮಾಡಿದ್ದರ ಮೇಲೆ ಅನುಮಾನಪಡುವ ಅಭ್ಯಾಸ ಅವರ ವಂಶದಲ್ಲೇ ಇಲ್ಲ. ಅಕ್ಕ ಬಾಯಿಗೆ ಬೀಗ ಹಾಕಿಕೊಂಡಳು.

ಪೋಸ್ಟ್‌ಮಾರ್ಟಂ ಶುರುವಾಯಿತು. ಅಡಾಪ್ಟರ್ ಬದಲಾಯಿತು. ಚಿಪ್‌ಗಳನ್ನು ಕಿತ್ತು, ಅವುಗಳ ಕಾಲು ಉಜ್ಜಿ, ಮತ್ತೆ ಕೂರಿಸಿದ್ದಾಯಿತು. ಬೆಸುಗೆ ಹೊಗೆಗೆ ಅಕ್ಕನ ಗಿರಾಕಿಗಳ ಬಟ್ಟೆಯೆಲ್ಲ ನಾರತೊಡಗಿತು. ಅಕ್ಕ ಹೊಲಿಗೆಯವಳು. ಮನೆಯ ಒಂದೇ ದೊಡ್ಡ ಮೇಜಿನ ಮೇಲೆ ಈ ಹೆಣ ಮಲಗಿದ್ದರೆ, ಅವಳು ಮಂಡಿನೋವಿನಲ್ಲಿ ನೆಲದ ಮೇಲೆ ಕೂತು ಬಟ್ಟೆ ಕತ್ತರಿಸಬೇಕು. ನೋಡಿ ನನಗೆ ಮೈ ಉರಿಯುತ್ತಿತ್ತು. ಕೊನೆಗೆ ಗಂಡಹೆಂಡತಿ ಒಂದು ಒಪ್ಪಂದಕ್ಕೆ ಬಂದರು: ಭಾನುವಾರದೊಳಗೆ ಕುಂಯ್ ಎನ್ನದಿದ್ದರೆ ಕಂಪ್ಯೂಟರು ಅಟ್ಟಕ್ಕೆ, ಮೇಜು ಅಕ್ಕನಿಗೆ.

ಭಾನುವಾರ ಮೇಜು ಹಿಡಿದು ಸರಿಸಲು ಅಕ್ಕ ನನ್ನನ್ನು ಕರೆದಳು. ಭಾವ ಕೊನೆಯ ಸಲ ಸ್ವಿಚ್ಚು ಹಾಕಿದರು. ಇಷ್ಟೆಲ್ಲ ಚಿತ್ರಹಿಂಸೆ ತಿಂದರೂ ಆ ಬಡಪಾಯಿ ಚೆನ್ನಾಗಿಯೇ ಕುಂಯ್ ಎಂದಿತು.

"ಭಾವ, ಕುಂಯ್ ಅಂತು. ನಾನೇ ಕೇಳ್ದೆ," ಎಂದೆ, ಅವರ ಕಿವಿಯ ಹತ್ತಿರ ಹೋಗಿ.

ಅವರ ಮುಖ ಅರಳಿತು, ಹಿಂದೆಯೇ ಬಾಡಿತು. ಕಂಪ್ಯೂಟರು ಬದುಕಿದೆ ಎಂದರೆ ತಮ್ಮ ಕಿವಿ ಹೋಗಿದೆ ಎಂದು ಒಪ್ಪಬೇಕಲ್ಲ. ಅಕ್ಕನ ಕಡೆ ತಿರುಗಿದರು. "ನಿಂಗೆ ಕೇಳಿಸ್ತಾ?"

ಅಕ್ಕ ಕತ್ತರಿ ಒರೆಸುತ್ತಿದ್ದಳು. "ಅದೆಲ್ಲ ನಂಗೇನು ಗೊತ್ತಾಗುತ್ತೆ ರೀ? ನಂಗೇನೂ ಕೇಳಿಸ್ಲಿಲ್ಲ."

ಅವಳು ಸುಳ್ಳು ಹೇಳಿದ್ದಕ್ಕೆ ನನಗೆ ಖುಷಿಯಾಯಿತು. ಆದರೂ, ತಮಗೆ ಕಿವಿ ಮಂದ ಎಂದು ಭಾವ ಒಂದು ಮಾತು ಹೇಳಿದ್ದರೆ ಆ ಅಂಟುಪಟ್ಟಿ ಕಿತ್ತು ಗುಂಡಿ ತಿರುಗಿಸಿಬಿಡುತ್ತಿದ್ದೆ. ಅವರು ನನ್ನನ್ನೇ ಕನಿಕರದಿಂದ ನೋಡಿ, ಒಮ್ಮೆ ಡಾಕ್ಟರಿಗೆ ಕಿವಿ ತೋರಿಸಿಕೋ ಎಂದರು. ಆಮೇಲೆ ಪ್ಲಗ್ಗು ಕಿತ್ತು, ಜೀವವಿದ್ದ ಕಂಪ್ಯೂಟರನ್ನು ತಾವೇ ಹೊತ್ತು ಅಟ್ಟಕ್ಕೆ ಹಾಕಿದರು.