ಒಡವೆ ಪೆಟ್ಟಿಗೆಯ ಪ್ರೊಸೆಸರ್

ಸ್ನೇಹಿತರೇ, ಇವತ್ತು ನಮ್ಮ ಕಾಪುವಿನ ಮನೆಯಲ್ಲಿ ಕಂಪ್ಯೂಟರಿನ ಕಾಲು ಮುರಿಯಿತು. ಕಡಲಿನ ಉಪ್ಪುಗಾಳಿಗೆ ಹೆದರಿ ನನ್ನ ಗಂಡ ಪ್ರತಿ ಸಂಜೆ ಅದರ ಪ್ರೊಸೆಸರನ್ನು ಕಿತ್ತು, ಹತ್ತಿಯಲ್ಲಿ ಸುತ್ತಿ, ನನ್ನ ಒಡವೆ ಪೆಟ್ಟಿಗೆಯಲ್ಲಿಡುತ್ತಾರೆ. ಬಳೆಗಳು ಅಕ್ಕಿ ಡಬ್ಬಿಗೆ ಹೋಗಿವೆ. ಕಿತ್ತು ಕಿತ್ತು ಇವತ್ತು ಅದರ ಕಾಲಿನಂಥ ಒಂದು ಪಿನ್ನು ತುಂಡಾಯಿತು. ಇವರು ಕೈಯಾರೆ ಜೋಡಿಸಿದ ಈ ಕಂಪ್ಯೂಟರನ್ನು ನೋಡಲು ನಾಳೆ ಮಣಿಪಾಲದ ವಿದ್ಯಾರ್ಥಿಗಳು ಬರುವವರಿದ್ದಾರೆ. ಇಂಥ ಇನ್ನೊಂದು ಪ್ರೊಸೆಸರ್ ಇಲ್ಲಿ ಸಿಗದು, ಬೇಕೆಂದರೆ ಮೈದುನ ದುಬೈಯಿಂದ ತರಬೇಕು. ಬಾಡಿದ ಮುಖದಲ್ಲೇ ಇವರು ಮುರಿದ ಜಾಗಕ್ಕೆ ತಂತಿಯ ಎಳೆ ಬೆಸೆದು ಅದನ್ನು ಮತ್ತೆ ಕೂರಿಸಿದರು. ಪರದೆ ಬೆಳಗಿತು.

"ನಂಬಬಹುದಾ?" ಎಂದೆ.

"ಓಡ್ತದೆ ಮಾರಾಯ್ತಿ, ಯಾರೂ ಮುಟ್ಟದಿದ್ದರೆ."

"ಮುಟ್ಟುವುದು ನೀವೊಬ್ಬರೇ ಅಲ್ವಾ?"

ಆಮೇಲೆ ಇವರು ಅದನ್ನು ಮತ್ತೆ ಕೀಳಲಿಲ್ಲ. ಬಳೆ ಇಡೋಣವೆಂದು ಪೆಟ್ಟಿಗೆ ತೆರೆದರೆ, ಹತ್ತಿಯೊಳಗೆ ಇವರು ಜೋಪಾನವಾಗಿ ಎತ್ತಿಟ್ಟ ಆ ಮುರಿದ ಪಿನ್ನು ಮಲಗಿದೆ. ಬಳೆಗಳಿಗೆ ಅಕ್ಕಿ ಡಬ್ಬಿಯೇ ಇರಲಿ.